ನಾಲ್ಕನೇ ನಂಬರಿನ ಬಗ್ಗೆ ನಾನು ಹೇಳಿದ್ದು

ವಿಮಾನ ನಿಲ್ದಾಣ

ಮಲೇಷ್ಯಾದಲ್ಲಿ ಯಾರ ಕಡೆಗೂ ತೋರುಬೆರಳು ಚಾಚಬಾರದು ಎಂದು ನನಗೆ ಮೊದಲೇ ಯಾರೂ ಹೇಳಿರಲಿಲ್ಲ. ಉಡುಪಿಯ ಹೆಣ್ಣುಮಕ್ಕಳ ಕಾಲೇಜೊಂದರಲ್ಲಿ ಮೂವತ್ತೊಂದು ವರ್ಷ ಫಿಸಿಕಲ್ ಡೈರೆಕ್ಟರ್ ಆಗಿದ್ದವಳು ನಾನು. ತೋರುಬೆರಳು ಮತ್ತು ವಿಸಿಲ್, ಇವೆರಡನ್ನು ಕಿತ್ತುಕೊಂಡರೆ ನನ್ನ ಸಂಸಾರ ನಡೆಯುವುದಿಲ್ಲ. ಕೊನೆಯ ವರ್ಷ ಕೊರೋನಾ ಎರಡನ್ನೂ ಕಿತ್ತುಕೊಂಡಿತ್ತು. ಮೈದಾನಕ್ಕೆ ಬೀಗ ಬಿದ್ದು, ಮೊಬೈಲನ್ನು ಅಕ್ಕಿ ಡಬ್ಬಕ್ಕೆ ಆನಿಸಿಟ್ಟು ಸೂರ್ಯನಮಸ್ಕಾರ ಹೇಳಿಕೊಡುತ್ತ ನಿವೃತ್ತಳಾದೆ. ಬೀಳ್ಕೊಡುಗೆಯ ಶಾಲನ್ನು ಕೊರಿಯರಿನಲ್ಲಿ ಕಳಿಸಿದ್ದರು.

ಗಡಿ ತೆರೆದಿದೆ, ಬಾ ಎಂದು ಮೆಲಾಕಾದಲ್ಲಿರುವ ತಂಗಿ ಸುಮಿತ್ರಾ ಕರೆದಾಗ ಹಾಗಾಗಿ ಎರಡು ಸಲ ಹೇಳಿಸಿಕೊಳ್ಳದೆ ಹೊರಟೆ. ಕ್ವಾಲಾಲಂಪುರದ ವಿಮಾನ ನಿಲ್ದಾಣದಲ್ಲಿ ಲಸಿಕೆಯ ಕಾಗದದಲ್ಲಿ ನಾನು ವನಜಾಕ್ಷಿ ಕೆ. ಆಗಿದ್ದೆ, ಪಾಸ್‌ಪೋರ್ಟಿನಲ್ಲಿ ವನಜಾಕ್ಷಿ ಕಟಪಾಡಿ. ಇಬ್ಬರೂ ಒಬ್ಬಳೇ ಎಂದು ಕೌಂಟರಿನ ತರುಣನಿಗೆ ತಿಳಿಸಲು ಅವನ ಪರದೆಯ ಕಡೆಗೂ ಅವನ ಎದೆಯ ಕಡೆಗೂ ಬೆರಳು ಚಾಚಿ ಚಾಚಿ ಮಾತಾಡಿದೆ. ಅವನು ಮಾಸ್ಕಿನ ಹಿಂದಿನಿಂದ ಬಹಳ ಸಮಾಧಾನದಲ್ಲಿ ನನ್ನನ್ನು ನೋಡಿ, ತನ್ನ ನಾಲ್ಕು ಬೆರಳು ಮಡಚಿ, ಹೆಬ್ಬೆರಳನ್ನು ಮುಂದೆ ಮಾಡಿ ಹೊರಹೋಗುವ ಬಾಗಿಲು ತೋರಿಸಿದ. ಇದೇನು ಹೀಗೆ ಎಂದು ಕಾರಿನಲ್ಲಿ ಕೇಳಿದೆ. "ಇಲ್ಲಿ ಹೆಬ್ಬೆರಳಲ್ಲೇ ತೋರಿಸ್ಬೇಕು ಅಕ್ಕ. ತೋರುಬೆರಳು ಅಂದ್ರೆ ಬೈದ ಹಾಗೆ," ಎಂದಳು ಸುಮಿ. ಮೂವತ್ತೊಂದು ವರ್ಷ ನನ್ನ ಬೆರಳು ಕಂಡ ವಿದ್ಯಾರ್ಥಿನಿಯರು ಕೇಳಿದ್ದರೆ ಹೌದೆಂದು ತಲೆಯಾಡಿಸುತ್ತಿದ್ದರು.

ಮೆಲಾಕಾ

ಸುಮಿಯ ಗಂಡ ಪ್ರಕಾಶ ಇಲ್ಲಿನ ಮೆಡಿಕಲ್ ಕಾಲೇಜಿನಲ್ಲಿ ಅನಾಟಮಿ ಕಲಿಸುತ್ತಾರೆ. ಇವರು ಬಂದು ಹದಿನೆಂಟು ವರ್ಷವಾಯಿತು. ಒಬ್ಬಳೇ ಮಗಳು ಮೇಘಾ, ಇಪ್ಪತ್ತೆರಡು ವರ್ಷ, ಯೂನಿವರ್ಸಿಟಿ ಫುಟ್‌ಬಾಲ್ ತಂಡದ ಡಿಫೆಂಡರ್. ಅವಳ ಅಂಗಿಯ ನಂಬರು ನಾಲ್ಕು. ಕನ್ನಡ ಪೂರಾ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ ಬರುತ್ತದೆ. ನನ್ನ ಹತ್ತಿರ ಮಾತಾಡುವಾಗ ಪಾಪ, ಎರಡನ್ನೂ ಹುಡುಕಿ ಹುಡುಕಿ ಜೋಡಿಸುತ್ತಾಳೆ.

ಮನೆ ಹನ್ನೊಂದನೇ ಮಹಡಿಯಲ್ಲಿ. ಲಾಕ್‌ಡೌನ್ ಕಾಲದಲ್ಲಿ ಇಲ್ಲಿ ಮನೆಯಿಂದ ಹೊರಗೆ ಓಡಲಿಕ್ಕೂ ಬಿಡುತ್ತಿರಲಿಲ್ಲವಂತೆ. ಮೇಘಾ ಹಾಲಿನ ಗೋಡೆಗೆ ಚೆಂಡು ಒದ್ದಳು, ಕೆಳಗಿನ ಮನೆಯವರು ದೂರು ಕೊಟ್ಟರು. ಅಪ್ಪನ ಹಳೆಯ ಕಾಲುಚೀಲಗಳನ್ನು ಸುತ್ತಿ ಹೊಲಿದು ಮೆತ್ತನೆಯ ಚೆಂಡು ಮಾಡಿಕೊಂಡು ಅದನ್ನೇ ತಿಂಗಳುಗಟ್ಟಲೆ ಒದ್ದಳು. ಪಕ್ಕದ ಕೋಣೆಯಲ್ಲಿ ಪ್ರಕಾಶ ಕಂಪ್ಯೂಟರಿನ ಮುಂದೆ ಕೂತು ಮೊಣಕಾಲಿನ ಮೂಳೆಗಳನ್ನು ವಿವರಿಸುತ್ತಿದ್ದರೆ, ಹಾಲಿನಲ್ಲಿ ಮಗಳ ಮೊಣಕಾಲು ಬಿಡುವಿಲ್ಲದೆ ದುಡಿಯುತ್ತಿತ್ತು.

ನಾನು ಅಲ್ಲಿಗೆ ಹೋಗಿದ್ದ ತಿಂಗಳೇ ಅವಳ ಬದುಕಿನ ದೊಡ್ಡ ತಿಂಗಳಾಗಿತ್ತು. ಎರಡು ವರ್ಷ ಕಾಲೇಜು ಪಂದ್ಯಗಳೇ ನಡೆದಿರಲಿಲ್ಲ, ಯಾವ ಹುಡುಗಿ ಹೇಗೆ ಆಡುತ್ತಾಳೆಂದು ಕ್ಲಬ್ಬಿನವರು ಕಣ್ಣಾರೆ ಕಂಡಿರಲಿಲ್ಲ. ಹಾಗಾಗಿ ಸಂಬಳ ಕೊಟ್ಟು ಆಡಿಸುವ ಹೆಣ್ಣುಮಕ್ಕಳ ಎಂಟು ಕ್ಲಬ್ಬುಗಳು ಸೇರಿ ಹೊಸದೊಂದು ಕ್ರಮ ಹೂಡಿದ್ದವು. ಒಂದೇ ದಿನ, ಒಂದೇ ಹಾಲಿನಲ್ಲಿ ಎಲ್ಲರೂ ಕೂತು, ಸರದಿಯ ಪ್ರಕಾರ ಕಾಲೇಜು ಹುಡುಗಿಯರಲ್ಲಿ ಒಬ್ಬೊಬ್ಬಳನ್ನು ಆರಿಸಿಕೊಳ್ಳುವುದು. ಮೂರು ಸುತ್ತು, ಇಪ್ಪತ್ತನಾಲ್ಕು ಹೆಸರು. ಇದಕ್ಕೆ ಡ್ರಾಫ್ಟ್ ಎನ್ನುತ್ತಾರೆ. ನಮ್ಮಲ್ಲಿ ಯೂನಿವರ್ಸಿಟಿ ಸೆಲೆಕ್ಷನ್ ಆದರೆ ನೋಟಿಸ್ ಬೋರ್ಡಿನಲ್ಲಿ ಹೆಸರು ಹಚ್ಚಿ ಆಯ್ಕೆದಾರರು ಹಿಂಬಾಗಿಲಿನಿಂದ ಬಸ್ಸು ಹಿಡಿಯುತ್ತಾರೆ. ಇಲ್ಲಿ ಎಲ್ಲರ ಮುಂದೆ, ತಂದೆತಾಯಿಯರ ಪಕ್ಕದಲ್ಲೇ ಕೂತು ಕಾಯಬೇಕು.

ಸುಮಿ ಮತ್ತು ಪ್ರಕಾಶ ಮಗಳ ಜೊತೆ ಒಂದು ಮಾತಿಗೆ ಬಂದಿದ್ದರು. ಕ್ಲಬ್ಬು ಆರಿಸಿಕೊಂಡರೆ ಒಂದು ವರ್ಷ ಫುಟ್‌ಬಾಲ್. ಇಲ್ಲವಾದರೆ ಕ್ವಾಲಾಲಂಪುರದಲ್ಲಿ ಸಿಕ್ಕಿರುವ ಫಿಸಿಯೋಥೆರಪಿ ಸೀಟು. ಅದಕ್ಕೆ ಆ ತಿಂಗಳ ಕೊನೆಯೊಳಗೆ ಸೇರದಿದ್ದರೆ ಸೀಟು ಹೋಗುತ್ತದೆ.

"ಕ್ಲಾಂಗ್ ಕ್ಲಬ್ ವಿಲ್ ಟೇಕ್ ಮಿ, ದೊಡ್ಡಮ್ಮ," ಎಂದಳು ಮೇಘಾ. "ಅವರಿಗೆ ಡಿಫೆಂಡರ್ ಬೇಕು. ಎಲ್ಲರೂ ಹಾಗೇ ಹೇಳ್ತಾರೆ."

"ತಗೊಂಡಾಗ ನೋಡುವ. ಮೊದಲು ಊಟ ಮಾಡು," ಎಂದೆ.

ಇದು ನನ್ನ ಸ್ವಭಾವ. ನನ್ನದೊಂದೇ ಅಲ್ಲ, ನಮ್ಮ ಮನೆಯದು, ನಮ್ಮ ಊರಿನದು. ನಮ್ಮ ಮಕ್ಕಳನ್ನು ನಾವು ಹೊಗಳುವುದಿಲ್ಲ. ರ‍್ಯಾಂಕ್ ಬಂದರೆ "ಏನೋ ಪಾಸಾದ" ಎನ್ನುತ್ತೇವೆ. ನೆಂಟರು ಮಗು ಚಂದ ಉಂಟು ಎಂದರೆ ತಕ್ಷಣ ಮೂಗು ಮೊಂಡು, ಹಟ ಜಾಸ್ತಿ ಎಂದು ಒಂದೆರಡು ಕೊರತೆ ಸೇರಿಸುತ್ತೇವೆ. ಕಣ್ಣು ಬೀಳಬಾರದಲ್ಲ. ನಾನಂತೂ ಯಾವ ಆಟಗಾರ್ತಿಗೂ ಎದುರೆದುರು "ಚೆನ್ನಾಗಿ ಆಡಿದೆ" ಎಂದವಳಲ್ಲ. ಹೊಗಳಿದರೆ ಕಾಲು ಭಾರವಾಗುತ್ತದೆ ಎಂದು ನಂಬಿದ್ದೆ. ಅವಳು ಕೋಣೆಯಿಂದ ಹೊರಗೆ ಹೋದ ಮೇಲೆ ಉಳಿದವರಿಗೆ ಹೇಳುತ್ತಿದ್ದೆ.

ಕ್ಲಾಂಗ್

ಡ್ರಾಫ್ಟಿಗೆ ಹತ್ತು ದಿನ ಮೊದಲು ಕ್ಲಾಂಗ್ ಬಂದರಿನ ಹತ್ತಿರದ ಮೈದಾನದಲ್ಲಿ ಕಾಲೇಜು ಹುಡುಗಿಯರ ಪಂದ್ಯವೊಂದನ್ನು ಇಟ್ಟಿದ್ದರು. ದಾರಿಯುದ್ದಕ್ಕೂ ಕಂಟೇನರ್ ಲಾರಿಗಳ ಸಾಲು. ಮೈದಾನದಿಂದ ನೋಡಿದರೆ ಬಂದರಿನ ಕ್ರೇನುಗಳು ಕಾಣುತ್ತಿದ್ದವು. ಬಾಗಿಲಲ್ಲಿ ಕೊರೋನಾ ಕಾಲದಲ್ಲಿ ಒಳಬರುವವರು ಮೊಬೈಲಿನಿಂದ ಸ್ಕ್ಯಾನ್ ಮಾಡಬೇಕಿದ್ದ ಚೌಕ ಚಿತ್ರ ಇನ್ನೂ ಅಂಟಿಕೊಂಡಿತ್ತು, ಬಿಸಿಲಿಗೆ ಬಣ್ಣ ಹೋಗಿ. ಅದನ್ನು ಯಾರೂ ನೋಡುತ್ತಿರಲಿಲ್ಲ, ಕೀಳುವ ಧೈರ್ಯವೂ ಯಾರಿಗೂ ಬಂದ ಹಾಗಿರಲಿಲ್ಲ.

ಸುಮಿ ಮತ್ತು ಪ್ರಕಾಶ ತಂದೆತಾಯಿಯರ ಸಾಲಿನಲ್ಲಿ ಕೂತರು. ಮೇಘಾಳ ಕಾಲೇಜಿನ ಮ್ಯಾನೇಜರಿಗೆ ನಾನು ನಿವೃತ್ತ ಫಿಸಿಕಲ್ ಡೈರೆಕ್ಟರ್ ಎಂದು ತಿಳಿದದ್ದೇ ತಡ, ಇಂಡಿಯಾದಿಂದ ಬಂದ ಕೋಚ್ ಎಂದು ಎಲ್ಲರಿಗೂ ಪರಿಚಯಿಸಿ ನನ್ನನ್ನು ನೆರಳಿನ ಕುರ್ಚಿಗೆ ಕರೆದೊಯ್ದರು. ಯಾರ ದೊಡ್ಡಮ್ಮ ಎಂಬುದನ್ನು ಅವರು ಹೇಳಲಿಲ್ಲ. ನಾನೂ ಹೇಳಲಿಲ್ಲ. ನಮ್ಮ ಹುಡುಗಿ ಎಂದರೆ ಶಿಫಾರಸಿಗೆ ಬಂದವಳೆಂದುಕೊಂಡಾರು ಎಂದು ನನ್ನ ಮರ್ಯಾದೆ ನನಗೆ ಅಡ್ಡ ಬಂತು.

ಪಕ್ಕದ ಕುರ್ಚಿಯಲ್ಲಿದ್ದವರು ಕ್ಲಾಂಗ್ ಕ್ಲಬ್ಬಿನ ಕೋಚ್ ಲೈಲಾ. ನಲವತ್ತರ ಹೆಂಗಸು, ತಲೆಗೆ ಕಪ್ಪು ವಸ್ತ್ರ, ತೊಡೆಯ ಮೇಲೆ ನೋಟ್‌ಬುಕ್ಕು. ನನ್ನನ್ನು ಕಂಡು ಕೈಕುಲುಕದೆ ಬಲಗೈಯನ್ನು ಎದೆಗೆ ಮುಟ್ಟಿಸಿಕೊಂಡರು. ಇಲ್ಲಿನವರ ಹಳೆಯ ಪದ್ಧತಿ, ಕೊರೋನಾ ಕಾಲಕ್ಕೆಂದೇ ಹೇಳಿ ಮಾಡಿಸಿದ ಹಾಗಿತ್ತು. ನಮ್ಮ ಮಾತೆಲ್ಲ ಇಂಗ್ಲಿಷಿನಲ್ಲಿ ನಡೆಯಿತು. ಅವರು ಪ್ಲಾಸ್ಟಿಕ್ ಚೀಲದಲ್ಲಿ ತುಂಬಿ ಬಾಯಿ ಕಟ್ಟಿಸಿಕೊಂಡು ತಂದ ಚಹಾವನ್ನು ನನಗೂ ಒಂದು ಕೊಟ್ಟರು. ಚಹಾ ಚೀಲವನ್ನು ಹೇಗೆ ಹಿಡಿಯಬೇಕೆಂದು ತಿಳಿಯದೆ ಸೀರೆಯ ಮೇಲೆ ಅರ್ಧ ಚೆಲ್ಲಿಕೊಂಡೆ.

ಪಂದ್ಯ ಶುರುವಾಯಿತು. ಮೇಘಾ ಆಡುವುದನ್ನು ನಾನು ಅಷ್ಟರವರೆಗೆ ವಿಡಿಯೋದಲ್ಲಿ ಬಿಟ್ಟರೆ ನೋಡಿರಲಿಲ್ಲ. ನಾನು ಕಲಿಸಿದ್ದು ಹೆಚ್ಚಾಗಿ ಕಬಡ್ಡಿ ಮತ್ತು ತ್ರೋಬಾಲ್, ಆದರೂ ಆಟಗಾರ್ತಿಯನ್ನು ಗುರುತಿಸಲು ಚೆಂಡು ಯಾವುದಾದರೇನು. ಎದುರಾಳಿಯ ಚುರುಕು ಹುಡುಗಿಯೊಬ್ಬಳು ಎಡಗಡೆಯಿಂದ ನುಗ್ಗಿದಾಗ ಉಳಿದವರೆಲ್ಲ ಅವಳ ಹಿಂದೆ ಓಡಿದರು. ಮೇಘಾ ಓಡಲಿಲ್ಲ. ನಾಲ್ಕು ಹೆಜ್ಜೆ ಹಿಂದಕ್ಕೆ ಸರಿದು, ಯಾರೂ ಇಲ್ಲದ ಜಾಗದಲ್ಲಿ ನಿಂತಳು. ಚೆಂಡು ಅಲ್ಲಿಗೇ ಬಂತು. ಒಂದಲ್ಲ, ಮೂರು ಸಲ ಹೀಗಾಯಿತು. ಇದನ್ನು ಯಾರೂ ಕಲಿಸಲಾರರು.

ಆ ಹೊತ್ತಿಗೆ ಲೈಲಾ ನನ್ನ ಕಡೆ ವಾಲಿ ಕೇಳಿದರು: "ಕೋಚ್, ನಿಮ್ಮ ಕಣ್ಣಿಗೆ ಹೇಗೆ ಕಾಣುತ್ತದೆ? ಆ ನಾಲ್ಕನೇ ನಂಬರು?"

ಹೊಟ್ಟೆಯೊಳಗೆ ಸಂತೋಷ ಉಕ್ಕುತ್ತಿತ್ತು. ಬಾಯಿ ತನ್ನ ಪಾಡಿಗೆ ತಾನು ಮಾತಾಡಿತು. "ಏನು ಮಹಾ. ಆಡುತ್ತಾಳೆ ಏನೋ. ಎಡಗಾಲು ಅಷ್ಟಕ್ಕಷ್ಟೇ. ಹೇಳಿದ ಮಾತು ಕೇಳುವ ಜಾತಿಯ ಹಾಗೆ ಕಾಣುವುದಿಲ್ಲ. ಬೆಳಿಗ್ಗೆ ಎಬ್ಬಿಸಿದರೂ ಏಳದ ಹುಡುಗಿಯರು ಹೀಗೇ ಇರುತ್ತಾರೆ."

ಲೈಲಾ ನೋಟ್‌ಬುಕ್ಕಿನಲ್ಲಿ ಏನೋ ಬರೆದುಕೊಂಡರು. "ಮತ್ತೆ ಒಂಬತ್ತು?"

ಒಂಬತ್ತನೇ ನಂಬರಿನವಳು ಯಾರ ಮಗಳೋ ನನಗೆ ಗೊತ್ತಿಲ್ಲ. ಬೇರೆಯವರ ಮಕ್ಕಳನ್ನು ಹೊಗಳಲು ನಮಗೆ ಯಾರೂ ಕಲಿಸಬೇಕಾಗಿಲ್ಲ. "ಓಹೋ, ಚಿನ್ನದಂಥ ಹುಡುಗಿ. ಎಷ್ಟು ಓಡುತ್ತಾಳೆ ನೋಡಿ. ಅವಳಿದ್ದರೆ ತಂಡಕ್ಕೆ ಕಳೆ," ಎಂದೆ. ಅದನ್ನೂ ಬರೆದುಕೊಂಡರು.

ನಾನು ತೃಪ್ತಿಯಿಂದ ಉಳಿದ ಚಹಾ ಕುಡಿದೆ. ಕಣ್ಣು ಬೀಳದ ಹಾಗೆ ನೋಡಿಕೊಂಡೆನೆಂದು ಸಮಾಧಾನ. ನಿಜ ಹೇಳುತ್ತೇನೆ, ಆ ಹತ್ತು ದಿನ ನನಗೆ ಒಂದಿಷ್ಟೂ ಸಂಶಯ ಬರಲಿಲ್ಲ. ಮರುದಿನ ಮೆಲಾಕಾದ ಕೆಂಪು ಕಟ್ಟಡಗಳ ಮುಂದೆ ಫೋಟೋ ತೆಗೆಸಿಕೊಂಡೆ, ಮಾಮಕ್ ಎಂದು ಕರೆಯುವ ತಮಿಳು ಮುಸ್ಲಿಮರ ಹೋಟೆಲಿನಲ್ಲಿ ರೊಟ್ಟಿಯನ್ನು ಗಾಳಿಯಲ್ಲಿ ಬೀಸುವವನನ್ನು ಅರ್ಧ ಗಂಟೆ ನೋಡುತ್ತ ಕೂತೆ, ಉಳಿದದ್ದನ್ನು ತಪಾವ್ ಮಾಡಿಸಿ ಮನೆಗೆ ತಂದೆ. ಕಟ್ಟಿಸಿಕೊಂಡು ಹೋಗುವುದಕ್ಕೆ ಇಲ್ಲಿ ತಪಾವ್ ಎನ್ನುತ್ತಾರೆ. ಆ ಮಾತು ನನಗೆ ಬೇಗ ಬಾಯಿಗೆ ಹತ್ತಿತು.

ಪುತ್ರಜಯಾ

ಡ್ರಾಫ್ಟ್ ಇದ್ದದ್ದು ಪುತ್ರಜಯಾದ ಒಂದು ಹಾಲಿನಲ್ಲಿ. ದೇಶದ ಸಚಿವಾಲಯಗಳೆಲ್ಲ ಇರುವ ಊರು ಇದು. ಹಿಂದಿನ ದಿನವೇ ಹೋಗಿ ಉಳಿದೆವು. ಬೆಳಿಗ್ಗೆ ವಾಕಿಂಗ್ ಎಂದು ನಾನೊಬ್ಬಳೇ ಹೊರಟೆ. ರಸ್ತೆಯ ಆಚೆ ಬದಿಯ ಕೆರೆಗೆ ಹೋಗಬೇಕಿತ್ತು, ಅಷ್ಟೇ. ಆದರೆ ಅಗಲದ ರಸ್ತೆ, ಆಮೇಲೆ ಇನ್ನೊಂದು ಅಗಲದ ರಸ್ತೆ, ದಾಟುವ ಜಾಗ ಎಲ್ಲೂ ಇಲ್ಲ. ನಡೆಯುವ ಮನುಷ್ಯರೂ ಇಲ್ಲ, ದಾರಿ ಕೇಳೋಣವೆಂದರೆ. ಉಡುಪಿಯಲ್ಲಾದರೆ ರಸ್ತೆ ದಾಟಲು ಕೈ ಎತ್ತಿದರೆ ಸಾಕು, ಬಸ್ಸಿನವನು ಬೈಯುತ್ತಲಾದರೂ ನಿಲ್ಲಿಸುತ್ತಾನೆ. ಇಲ್ಲಿ ಬೈಯುವವರೂ ಇರಲಿಲ್ಲ. ಕೊನೆಗೆ ಯಾವುದೋ ಕಚೇರಿಯ ಕಾವಲುಗಾರ ನನ್ನನ್ನು ಕಂಡು ಮರುಗಿ ತನ್ನ ಸ್ಕೂಟರಿನಲ್ಲಿ ಕೂರಿಸಿಕೊಂಡು ಹೋಟೆಲಿಗೆ ಬಿಟ್ಟ. ದುಡ್ಡು ಕೊಡಲು ಹೋದರೆ ಕೈಯನ್ನು ಎದೆಗೆ ಮುಟ್ಟಿಸಿ ಬೇಡವೆಂದ.

ಹಾಲಿನಲ್ಲಿ ಅರವತ್ತು ಹುಡುಗಿಯರಿದ್ದರು. ಕುರ್ಚಿಗಳನ್ನು ದೂರ ದೂರ ಇಟ್ಟಿದ್ದರಿಂದ ಪ್ರತಿ ಮನೆಯವರೂ ಒಂದೊಂದು ದ್ವೀಪದ ಹಾಗೆ ಕೂತಿದ್ದರು. ಎದುರಿಗೆ ಎಂಟು ಕ್ಲಬ್ಬುಗಳ ಎಂಟು ಮೇಜು. ಎಲ್ಲರ ಮುಖಕ್ಕೂ ಮಾಸ್ಕು, ಹಾಗಾಗಿ ಸಂತೋಷವನ್ನೂ ದುಃಖವನ್ನೂ ಕಣ್ಣಿನಲ್ಲೇ ಓದಬೇಕಿತ್ತು. ಮೇಘಾ ಬಿಳಿ ಅಂಗಿ ಇಸ್ತ್ರಿ ಮಾಡಿಸಿ ಹಾಕಿಕೊಂಡಿದ್ದಳು. ಅವಳಮ್ಮ ಮೂರು ಸಲ ಕಾಲರು ಸರಿಮಾಡಿದಳು.

ಮೊದಲ ಹೆಸರೇ ಹಾಲನ್ನು ಬೆಚ್ಚಿಬೀಳಿಸಿತು. ಕೆಲಂತಾನ್ ರಾಜ್ಯದ ಒಂದು ಹಳ್ಳಿಯ ಹುಡುಗಿ. ಯಾರೂ ಅವಳ ಹೆಸರು ಕೇಳಿರಲಿಲ್ಲ. ಅವಳು ಕಳಿಸಿದ್ದ ವಿಡಿಯೋವನ್ನು ಪರದೆಯ ಮೇಲೆ ಹಾಕಿದರು. ಶಾಲೆಯ ಹಿತ್ತಲಿನಲ್ಲಿ, ನಡುನಡುವೆ ಅಡ್ಡ ಬರುವ ಕೋಳಿಗಳನ್ನು ತಪ್ಪಿಸುತ್ತ ಅವಳು ಚೆಂಡು ಒಯ್ಯುತ್ತಿದ್ದಳು. ಹಾಲಿಗೆ ಹಾಲೇ ನಕ್ಕಿತು, ಆಮೇಲೆ ಚಪ್ಪಾಳೆ ತಟ್ಟಿತು. ಇನ್ನೊಂದು ಕಡೆ ಎಲ್ಲರೂ ಮೊದಲನೆಯವಳು ಎಂದು ಹೇಳುತ್ತಿದ್ದ ಹುಡುಗಿಯೊಬ್ಬಳ ಅಪ್ಪ ಪ್ರತಿ ಹೆಸರಿಗೂ ಅರ್ಧ ಎದ್ದು ನಿಂತು ಮತ್ತೆ ಕೂರುತ್ತಿದ್ದರು. ಅವಳ ಸರದಿ ಎರಡನೇ ಸುತ್ತಿನ ಕೊನೆಗೆ ಬಂತು. ಅಷ್ಟು ಹೊತ್ತಿಗೆ ಆ ಮನುಷ್ಯ ದಣಿದು ಹೋಗಿದ್ದರು, ಏಳಲೇ ಇಲ್ಲ.

ಕ್ಲಾಂಗ್ ಕ್ಲಬ್ಬಿನ ಮೊದಲ ಸರದಿ ಬಂದಾಗ ಮೇಘಾ ಬೆನ್ನು ನೆಟ್ಟಗೆ ಮಾಡಿದಳು. ಲೈಲಾ ಎದ್ದು ಒಂಬತ್ತನೇ ನಂಬರಿನವಳ ಹೆಸರು ಓದಿದರು. ಎರಡನೇ ಸುತ್ತಿನಲ್ಲಿ ಡಿಫೆಂಡರೊಬ್ಬಳನ್ನೇ ಆರಿಸಿದರು, ಆದರೆ ಬೇರೆ ಕಾಲೇಜಿನವಳನ್ನು. ಮೇಘಾ ಎರಡು ಹೆಸರಿಗೂ ಚಪ್ಪಾಳೆ ತಟ್ಟಿದಳು.

ಚಹಾದ ಬಿಡುವು

ಎರಡನೇ ಸುತ್ತಿನ ನಂತರ ಚಹಾಕ್ಕೆ ಬಿಟ್ಟರು. ನಾನು ಕಪ್ಪು ಹಿಡಿದು ಸಾಲಿನಲ್ಲಿದ್ದಾಗ ಲೈಲಾ ತಾವಾಗಿಯೇ ಬಂದು ಕೈಯನ್ನು ಎದೆಗಿಟ್ಟುಕೊಂಡರು.

"ಕೋಚ್, ನಿಮಗೆ ಥ್ಯಾಂಕ್ಸ್ ಹೇಳಬೇಕು. ಎರಡು ವರ್ಷ ನಾವು ಯಾರನ್ನೂ ನೋಡಿಲ್ಲ. ಎಲ್ಲರೂ ತಮ್ಮ ತಮ್ಮ ಹುಡುಗಿಯರನ್ನೇ ಹೊಗಳುತ್ತಾರೆ. ಯಾರ ಪರವೂ ಇಲ್ಲದೆ ಮಾತಾಡಿದವರು ನೀವೊಬ್ಬರೇ. ನಾಲ್ಕನೇ ನಂಬರನ್ನು ನಾನು ಮೊದಲ ಸುತ್ತಿಗೆ ಬರೆದುಕೊಂಡಿದ್ದೆ. ನಿಮ್ಮ ಮಾತು ಕೇಳಿ ಅಳಿಸಿದೆ."

ನಾನು ಸಾಲಿನಿಂದ ಹೊರಗೆ ಬಂದೆ. "ಅವಳು ನನ್ನ ತಂಗಿಯ ಮಗಳು," ಎಂದೆ.

ಲೈಲಾ ಎದೆಯ ಮೇಲಿನ ಕೈ ಇಳಿಸಿದರು. "ಮತ್ತೆ ಯಾಕೆ ಹಾಗೆ ಹೇಳಿದಿರಿ?"

"ನಮ್ಮ ಮಕ್ಕಳನ್ನು ನಾವು ಹೊಗಳುವುದಿಲ್ಲ. ಅದು ನಮ್ಮ ಪದ್ಧತಿ. ಅವಳು ಒಳ್ಳೆಯ ಹುಡುಗಿ. ಬಹಳ ಶ್ರಮಪಡುತ್ತಾಳೆ. ಬಂಗಾರದಂಥ ಮಗು."

"ನನ್ನ ಅಮ್ಮನೂ ನನ್ನನ್ನು ಒಂದು ದಿನವೂ ಹೊಗಳಲಿಲ್ಲ," ಎಂದರು ಲೈಲಾ. ಅವರಿಗೆ ಕೋಪ ಬಂದಿರಲಿಲ್ಲ, ಅದೇ ನನಗೆ ಹೆಚ್ಚು ಕಷ್ಟವಾಯಿತು. "ಆ ಪದ್ಧತಿ ನನಗೂ ಗೊತ್ತು. ಆದರೆ ಆವತ್ತು ನಾನು ದೊಡ್ಡಮ್ಮನನ್ನು ಕೇಳಿರಲಿಲ್ಲ. ಕೋಚನ್ನು ಕೇಳಿದ್ದೆ. ಈಗ ಮಾತಾಡುತ್ತಿರುವುದು ಯಾರು?"

ಮೂವತ್ತೊಂದು ವರ್ಷದಲ್ಲಿ ಇಂಥ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ. ಕಷ್ಟಪಟ್ಟು ಒಂದೇ ಒಂದು ಮಾತು ಹೇಳಿದೆ. ಎಡಗಡೆಯ ಹುಡುಗಿ ನುಗ್ಗಿದಾಗ ಎಲ್ಲರೂ ಓಡಿದರು, ಅವಳು ಓಡಲಿಲ್ಲ, ಚೆಂಡು ಬರುವ ಜಾಗಕ್ಕೆ ಮೊದಲೇ ಹೋಗಿ ನಿಂತಳು, ಮೂರು ಸಲ.

"ಅದನ್ನು ನಾನೂ ನೋಡಿದ್ದೆ," ಎಂದರು ಲೈಲಾ. "ನೀವು ಹಾಗೆ ಹೇಳಿದ ಮೇಲೆ ನನ್ನ ಕಣ್ಣೇ ತಪ್ಪಿರಬೇಕು ಅಂದುಕೊಂಡೆ."

ಮೂರನೇ ಸುತ್ತಿಗೆ ಅವರಿಗೆ ಉಳಿದದ್ದು ಒಂದೇ ಜಾಗ, ಬೇಕಿದ್ದದ್ದು ಗೋಲ್‌ಕೀಪರ್. ಅವರ ಕ್ಲಬ್ಬಿನಲ್ಲಿದ್ದ ಇಬ್ಬರು ಕೀಪರುಗಳೂ ಕೊರೋನಾ ಕಾಲದಲ್ಲಿ ಆಟ ಬಿಟ್ಟು ಬೇರೆ ಕೆಲಸಕ್ಕೆ ಸೇರಿಬಿಟ್ಟಿದ್ದರಂತೆ. ಲೈಲಾ ಕೀಪರಿನ ಹೆಸರನ್ನೇ ಓದಿದರು. ಉಳಿದ ಕ್ಲಬ್ಬುಗಳೂ ಮೇಘಾಳನ್ನು ಕರೆಯಲಿಲ್ಲ. ಕ್ಲಾಂಗಿನವರು ತೆಗೆದುಕೊಂಡೇ ತೆಗೆದುಕೊಳ್ಳುತ್ತಾರೆಂದು ಅವರೆಲ್ಲ ಅವಳನ್ನು ತಮ್ಮ ಪಟ್ಟಿಯಲ್ಲಿ ಹಾಕಿಕೊಂಡೇ ಇರಲಿಲ್ಲವೆಂದು ಆಮೇಲೆ ತಿಳಿಯಿತು. ಇಪ್ಪತ್ತನಾಲ್ಕನೆಯ ಹೆಸರಿಗೂ ಮೇಘಾ ಚಪ್ಪಾಳೆ ತಟ್ಟಿದಳು. ಸುಮಿ ಮಗಳ ಬೆನ್ನ ಮೇಲೆ ಕೈಯಿಟ್ಟಳು. ಪ್ರಕಾಶ ಕಾರಿನ ಕೀಲಿಯನ್ನು ಹೊರಗೆ ತೆಗೆದು ಮತ್ತೆ ಜೇಬಿಗೆ ಹಾಕಿದರು.

ಹೊರಡುವಾಗ ಲೈಲಾ ನಮ್ಮ ಕಡೆ ಬಂದರು. ನನ್ನನ್ನು ನೋಡಲಿಲ್ಲ. ಮೇಘಾಳಿಗೆ ಹೇಳಿದರು: "ಸೋಮವಾರದಿಂದ ನಮ್ಮ ಜೊತೆ ಪ್ರಾಕ್ಟೀಸಿಗೆ ಬಾ. ಆರು ವಾರ. ಕಾಂಟ್ರ್ಯಾಕ್ಟ್ ಇಲ್ಲ, ಸಂಬಳ ಇಲ್ಲ, ನಾನು ಯಾವ ಮಾತೂ ಕೊಡುವುದಿಲ್ಲ. ಆರು ವಾರದ ಕೊನೆಗೆ ಹೇಳುತ್ತೇನೆ."

ಕಾರಿನಲ್ಲಿ ಸುಮಿ ಒಮ್ಮೆ ಹಿಂದಕ್ಕೆ ತಿರುಗಿ, "ಅಕ್ಕ ನೀನು ಇದ್ದದ್ದು ಒಳ್ಳೆದಾಯ್ತು ಮಾರಾಯ್ತಿ. ನಮಗೆ ಸ್ವಲ್ಪ ಧೈರ್ಯ," ಎಂದಳು. ನಾನು ಕಿಟಕಿಯ ಹೊರಗೆ ತಾಳೆತೋಟಗಳನ್ನು ನೋಡುತ್ತ ಕೂತೆ. ಹೇಳಬೇಕಾದದ್ದನ್ನು ಹೇಳದೆ ಇರುವುದಕ್ಕೆ ಅದೊಂದು ನೆಪ. ನನಗೆ ನನ್ನ ಮೇಲೆ ಅಷ್ಟು ಹೇಸಿಗೆ ಹಿಂದೆಂದೂ ಆಗಿರಲಿಲ್ಲ.

ಮತ್ತೆ ಮೆಲಾಕಾ

ಮರುದಿನ ಬೆಳಿಗ್ಗೆ ಸುಮಿ ನೀರುದೋಸೆ ಹೊಯ್ಯುತ್ತಿದ್ದಳು. ಮೇಘಾ ಆಗಲೇ ಓಡಿ ಬಂದು, ಸ್ನಾನ ಮಾಡಿ, ಮೇಜಿನ ಮುಂದೆ ಕೂತಿದ್ದಳು. ನಾನು ಬಂದ ದಿನದಿಂದ ಅವಳು ನನಗಿಂತ ಮೊದಲು ಎದ್ದಿರುತ್ತಿದ್ದಳೆಂದು ನನಗೆ ಚೆನ್ನಾಗಿ ಗೊತ್ತಿತ್ತು.

ಪ್ರಕಾಶ ಮಾತು ತೆಗೆದರು. "ಮಗಾ, ನಾವು ಹೇಳಿದ್ದೆಂತ? ಆರಿಸಿದ್ರೆ ಒಂದು ವರ್ಷ. ಅವರು ಆರಿಸ್ಲಿಲ್ಲ. ಆರು ವಾರ ಸುಮ್ಮನೆ ಬಾ ಅಂತಾರೆ. ಅಷ್ಟರಲ್ಲಿ ಫಿಸಿಯೋ ಸೀಟು ಹೋಗ್ತದೆ. ಆಮೇಲೆ ಅವರು ಬೇಡ ಅಂದ್ರೆ ಇದೂ ಇಲ್ಲ, ಅದೂ ಇಲ್ಲ."

"ಐ ನೋ, ಅಪ್ಪ," ಎಂದಳು ಮೇಘಾ. ದೋಸೆಯನ್ನು ಮುರಿದಳು, ತಿನ್ನಲಿಲ್ಲ.

"ನಂಗೂ ನಿನಗೂ ಫುಟ್‌ಬಾಲ್ ಗೊತ್ತಿಲ್ಲ," ಎಂದಳು ಸುಮಿ ಗಂಡನಿಗೆ. ಆಮೇಲೆ ಸೌಟು ಹಿಡಿದೇ ನನ್ನ ಕಡೆ ತಿರುಗಿದಳು. "ಅಕ್ಕ, ನೀನೇ ಹೇಳು. ನೀನು ಎಷ್ಟು ಮಕ್ಕಳನ್ನ ನೋಡಿದ್ದಿ. ನಿಜವಾಗ್ಲೂ ಇವಳ ಹತ್ರ ಅದು ಉಂಟಾ? ಇಲ್ಲದಿದ್ರೆ ಇಲ್ಲ ಅಂತ ಹೇಳಿಬಿಡು. ನಾವು ನಿನ್ನ ಮಾತು ಕೇಳ್ತೇವೆ."

ಮೇಘಾ ತಲೆಯೆತ್ತಲಿಲ್ಲ. ನಾನು ಏನು ಹೇಳುತ್ತೇನೆಂದು ಅವಳಿಗೆ ಗೊತ್ತಿತ್ತು. ಹುಟ್ಟಿದಾಗಿನಿಂದ ಕೇಳುತ್ತ ಬಂದಿದ್ದಳಲ್ಲ.

"ಮೊದಲು ಒಂದು ವಿಷಯ ಹೇಳ್ಬೇಕು," ಎಂದೆ. "ನಿನ್ನೆ ಅವಳ ಹೆಸರು ಬಾರದೇ ಇದ್ದದ್ದು ನನ್ನಿಂದ."

ಕ್ಲಾಂಗಿನ ಕುರ್ಚಿಯಿಂದ ಚಹಾದ ಸಾಲಿನವರೆಗೆ ಎಲ್ಲ ಹೇಳಿದೆ. ಬೆಳಿಗ್ಗೆ ಏಳುವುದಿಲ್ಲ ಎಂದದ್ದನ್ನೂ ಬಿಡದೆ ಹೇಳಿದೆ. ಕಾವಲಿಯ ಮೇಲೆ ದೋಸೆ ಸೀಯುವ ವಾಸನೆ ಬಂತು. ಸುಮಿ ಒಲೆ ಆರಿಸಿದಳು. ಪ್ರಕಾಶ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಮೇಘಾ ಮಾತ್ರ ಈಗ ನನ್ನನ್ನು ನೆಟ್ಟ ನೋಟದಿಂದ ನೋಡುತ್ತಿದ್ದಳು.

"ವೈ ವುಡ್ ಯೂ ಸೇ ದಟ್?" ಎಂದಳು. ದನಿ ಏರಿಸಲಿಲ್ಲ. "ನೀವು ಬರ್ತೀರಿ ಅಂತ ನಾನು ಎಷ್ಟು ಖುಷಿಯಾಗಿದ್ದೆ ಗೊತ್ತಾ. ನೀವು ಕೋಚ್. ನೀವು ನೋಡಿದ್ರೆ ನಿಮಗೆ ತಿಳೀತದೆ ಅಂತ."

"ತಿಳಿದಿತ್ತು," ಎಂದೆ. "ಆವತ್ತೇ ತಿಳಿದಿತ್ತು."

ಆಮೇಲೆ ಸುಮಿಯ ಪ್ರಶ್ನೆಗೆ ಉತ್ತರ ಕೊಟ್ಟೆ. ತಂಗಿಯ ಕಡೆ ನೋಡಿ ಹೇಳುವುದು ಸುಲಭವಿತ್ತು. ಹಾಗೆ ಮಾಡದೆ ಮೇಘಾಳನ್ನೇ ನೋಡಿ ಹೇಳಿದೆ. ಕೆಲವರು ಚೆಂಡಿನ ಹಿಂದೆ ಓಡುತ್ತಾರೆ, ನೀನು ಚೆಂಡು ಬರುವ ಜಾಗಕ್ಕೆ ಹೋಗುತ್ತಿ. ಗೋಲು ಬಿದ್ದಾಗ ಉಳಿದವರು ತಲೆ ತಗ್ಗಿಸಿದರು, ನೀನು ಬಲೆಯಿಂದ ಚೆಂಡು ತೆಗೆದು, ಕೀಪರಿನ ಭುಜ ತಟ್ಟಿ, ನಡುಗೆರೆಗೆ ಓಡಿದಿ. ಒಂದೂವರೆ ಗಂಟೆಯ ಆಟದಲ್ಲಿ ನಿನ್ನ ಬಾಯಿ ಒಂದು ಸಲವೂ ಮುಚ್ಚಲಿಲ್ಲ, ಎಲ್ಲರಿಗೂ ಜಾಗ ಹೇಳುತ್ತಲೇ ಇದ್ದಿ. ಎಡಗಾಲಿಗೆ ಕೆಲಸ ಬೇಕು, ಅದು ಆರು ವಾರದಲ್ಲಿ ಆಗುವ ಕೆಲಸ. ಉಳಿದದ್ದು ಆರು ವರ್ಷ ಕಲಿಸಿದರೂ ಬರುವುದಿಲ್ಲ, ಅದು ನಿನ್ನಲ್ಲಿ ಉಂಟು. ನನ್ನ ಕೈಯಲ್ಲಿ ನೂರಾರು ಹುಡುಗಿಯರು ಆಡಿದ್ದಾರೆ, ಇಂಥವರು ಇಬ್ಬರೇ ಸಿಕ್ಕಿದ್ದರು. ಅವರಿಗೂ ನಾನು ಇದನ್ನು ಹೇಳಲಿಲ್ಲ.

ಇಷ್ಟು ಹೇಳುವಷ್ಟರಲ್ಲಿ ನನ್ನ ಬೆನ್ನು ಬೆವೆತಿತ್ತು. ಬಾಯಿಗೆ ಅಭ್ಯಾಸವಿಲ್ಲದ ಕೆಲಸ.

ಪ್ರಕಾಶ ಕನ್ನಡಕ ಹಾಕಿಕೊಂಡರು. "ಅಕ್ಕ, ಇದು ದೊಡ್ಡಮ್ಮನಾಗಿ ಹೇಳಿದ್ದಾ?"

"ಅಲ್ಲ, ಕೋಚ್ ಆಗಿ," ಎಂದೆ. "ನನ್ನ ಮಗಳಾಗಿದ್ರೆ ಸೀಟು ಬಿಡಿಸ್ತಿದ್ದೆ."

ಅವರು ಹೆಂಡತಿಯನ್ನು ನೋಡಿದರು. ಸುಮಿ ಸೀದ ದೋಸೆಯನ್ನು ಕಾವಲಿಯಿಂದ ಎಬ್ಬುತ್ತಿದ್ದಳು, ಬೇಕೆಂದೇ ನಿಧಾನವಾಗಿ. ಕೊನೆಗೆ, "ಆರು ವಾರ. ಒಂದು ದಿನ ಹೆಚ್ಚಿಲ್ಲ," ಎಂದಳು.

ಮೇಘಾ ಎದ್ದು ಒಳಗೆ ಹೋದಳು. ಬಚ್ಚಲಿನಲ್ಲಿ ನಲ್ಲಿ ಬಹಳ ಹೊತ್ತು ಹರಿಯಿತು. ಹೊರಗೆ ಬಂದಾಗ ಮುಖ ಒದ್ದೆಯಾಗಿತ್ತು. ನನ್ನ ಕುರ್ಚಿಯ ಪಕ್ಕ ನಿಂತಳು.

"ಐಯಾಮ್ ಸ್ಟಿಲ್ ಆಂಗ್ರಿ, ದೊಡ್ಡಮ್ಮ."

"ಇರಲಿ," ಎಂದೆ. "ಸಿಟ್ಟು ಬಿಡ್ಬೇಡ. ನಂಗೆ ಅದು ಬೇಕಾದದ್ದೇ."

ಅವಳು ನನ್ನ ತಟ್ಟೆಗೆ ಒಂದು ದೋಸೆ ಹಾಕಿ, ತನ್ನದನ್ನು ತಿನ್ನಲು ಕೂತಳು. ಮುಂದಿನ ಮೂರು ದಿನ ಅವಳು ನನ್ನ ಹತ್ತಿರ ಹೆಚ್ಚು ಮಾತಾಡಲಿಲ್ಲ. ನಾನೂ ಮಾತಿಗೆ ಎಳೆಯಲಿಲ್ಲ.

ನನ್ನ ವಿಮಾನ ಸೋಮವಾರ ಇತ್ತು. ಸುಮಿ ಮತ್ತು ಪ್ರಕಾಶ ನಿಲ್ದಾಣಕ್ಕೆ ಬಂದು ಬಿಟ್ಟರು, ಬರುವಾಗ ನಾನು ಉಪ್ಪಿನಕಾಯಿ ಡಬ್ಬ ತಂದಿದ್ದ ಚೀಲಕ್ಕೆ ಬಿಸ್ಕತ್ತಿನ ಡಬ್ಬಗಳನ್ನು ತುರುಕಿದರು. ಮೇಘಾ ಬರಲಿಲ್ಲ. ಆ ಹೊತ್ತಿಗೆ ಅವಳು ಕ್ಲಾಂಗಿನ ಮೈದಾನದಲ್ಲಿದ್ದಳು.